ಎಷ್ಟೊಂದು ಖಾತೆ, ಎಷ್ಟೊಂದು ಆ್ಯಪ್: ಒಂದೊಂದಾಗಿ ಹಿಡಿತಕ್ಕೆ ತಂದುಕೊಳ್ಳುವ ದಾರಿ

ಒಂದು ಹಳೆಯ ಮೇಲ್ ಖಾತೆ ತೆರೆಯಬೇಕಿತ್ತು. ಅದರೊಳಗೆ ಹತ್ತು ವರ್ಷದ ಹಿಂದಿನ ಒಂದಷ್ಟು ಫೋಟೋಗಳಿದ್ದವು. ಬೇರೆಲ್ಲೂ ಅವುಗಳ ಪ್ರತಿ ಇರಲಿಲ್ಲ. ಪಾಸ್‌ವರ್ಡ್ ನೆನಪಿಗೆ ಬರಲಿಲ್ಲ. ಸರಿ ಅಂತ 'ಪಾಸ್‌ವರ್ಡ್ ಮರೆತಿರಾ?' ಒತ್ತಿದೆ. ಕೋಡ್ ಅನ್ನು ಇನ್ನೊಂದು ಮೇಲ್‌ಗೆ ಕಳಿಸಿದ್ದೇವೆ ಎಂದಿತು. ಆ ವಿಳಾಸದ ಮೊದಲ ಅಕ್ಷರ ಮಾತ್ರ ಕಾಣುತ್ತಿತ್ತು, ಉಳಿದದ್ದೆಲ್ಲ ಚುಕ್ಕಿ. ಅದು ನನ್ನ ಯಾವ ವಿಳಾಸ ಎಂದು ಹೊಳೆಯುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಅದನ್ನು ತೆರೆಯಲು ಹೋದರೆ ಅದಕ್ಕೂ ಒಂದು ಕೋಡ್ ಬೇಕು. ಆ ಕೋಡ್ ಹೋಗುವುದು 47ರಲ್ಲಿ ಕೊನೆಯಾಗುವ ಒಂದು ಫೋನ್ ನಂಬರಿಗೆ. ನಾನು ಆ ನಂಬರ್ ಬಿಟ್ಟು ಆರು ವರ್ಷವಾಗಿತ್ತು.

ಅವತ್ತು ರಾತ್ರಿ ಮೂರು ಗಂಟೆ ಕೂತರೂ ಆ ಬಾಗಿಲು ತೆರೆಯಲಿಲ್ಲ. ಆದರೆ ಒಂದು ವಿಷಯ ಚೆನ್ನಾಗಿ ಅರ್ಥವಾಯಿತು. ಖಾತೆಗಳು ಜಾಸ್ತಿ ಇರುವುದು ದೊಡ್ಡ ತೊಂದರೆಯಲ್ಲ. ಯಾವ ಖಾತೆ ಯಾವುದಕ್ಕೆ ಜೋತು ಬಿದ್ದಿದೆ ಎಂಬುದು ನಮಗೇ ಗೊತ್ತಿಲ್ಲದಿರುವುದು ತೊಂದರೆ. ಮೆಸೇಜಿನ ಆ್ಯಪ್‌ಗಳ ಕತೆಯೂ ಇದೇ. ಆರು ಆ್ಯಪ್ ಇದ್ದರೆ ಇರಲಿ. ಯಾರು ಎಲ್ಲಿ ಮಾತಾಡುತ್ತಾರೆ ಎಂದು ಗೊತ್ತಿಲ್ಲದಿದ್ದಾಗ ತಲೆ ಕೆಡುತ್ತದೆ.

ಆಮೇಲೆ ನಾನು ಒಂದೊಂದಾಗಿ ಸರಿಮಾಡಿಕೊಂಡ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಒಂದೇ ದಿನದಲ್ಲಿ ಮುಗಿಸಬೇಕಿಲ್ಲ. ಎರಡು ಮೂರು ವಾರಾಂತ್ಯ ತೆಗೆದುಕೊಳ್ಳಿ.

ಮೊದಲು ಒಂದು ಹಾಳೆ, ಒಂದು ಪೆನ್ನು

ಯಾವ ಸೆಟ್ಟಿಂಗ್ಸ್ ಅನ್ನೂ ಮುಟ್ಟುವ ಮೊದಲು ಪಟ್ಟಿ ಮಾಡಿ. ಕಾಗದದ ಮೇಲೇ ಮಾಡಿ ಎನ್ನುತ್ತೇನೆ, ಯಾಕೆಂದರೆ ಬಾಣದ ಗೆರೆ ಎಳೆಯಬೇಕಾಗುತ್ತದೆ.

ಖಾತೆಗಳನ್ನು ಹುಡುಕಲು ನಾಲ್ಕು ಕಡೆ ನೋಡಿ. ಒಂದು, ಫೋನಿನಲ್ಲಿರುವ ಆ್ಯಪ್‌ಗಳು. ಎರಡು, ಬ್ರೌಸರ್ ಉಳಿಸಿಟ್ಟುಕೊಂಡಿರುವ ಪಾಸ್‌ವರ್ಡ್‌ಗಳ ಪಟ್ಟಿ; ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಇದು ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತದೆ, ಸಫಾರಿಯದ್ದು ಈಗ ಆ್ಯಪಲ್‌ನ 'ಪಾಸ್‌ವರ್ಡ್ಸ್' ಆ್ಯಪ್‌ನಲ್ಲಿದೆ. ಮೂರು, ನಿಮ್ಮ ಮೇಲ್‌ನ ಹುಡುಕುವ ಜಾಗದಲ್ಲಿ ವೆಲ್‌ಕಮ್, ವೆರಿಫೈ, ಆ್ಯಕ್ಟಿವೇಟ್ ಎಂಬ ಪದಗಳನ್ನು ಇಂಗ್ಲಿಷಿನಲ್ಲಿ ಹಾಕಿ ನೋಡಿ. ಹೊಸ ಖಾತೆ ತೆರೆದಾಗಲೆಲ್ಲ ಬಂದ ಮೇಲ್‌ಗಳು ಸಾಲಾಗಿ ಎದ್ದು ಬರುತ್ತವೆ. ನಾಲ್ಕನೆಯದನ್ನು ತುಂಬಾ ಜನ ಮರೆಯುತ್ತಾರೆ. 'ಗೂಗಲ್ ಮೂಲಕ ಲಾಗಿನ್', 'ಫೇಸ್‌ಬುಕ್ ಮೂಲಕ ಲಾಗಿನ್' ಎಂದು ಸುಮ್ನೆ ಒತ್ತಿ ಒಳಹೋದ ಜಾಗಗಳು ಇರುತ್ತವಲ್ಲ, ಅವುಗಳ ಪಟ್ಟಿ ಗೂಗಲ್ ಮತ್ತು ಫೇಸ್‌ಬುಕ್ ಖಾತೆಯ ಸೆಟ್ಟಿಂಗ್ಸ್ ಒಳಗೇ ಇದೆ. ತೆರೆದು ನೋಡಿದರೆ ಎಂದೋ ಒಮ್ಮೆ ಆಡಿ ಬಿಟ್ಟ ಆಟಗಳೂ ಸಿಗುತ್ತವೆ.

ಹಾಳೆಯಲ್ಲಿ ನಾಲ್ಕು ಕಾಲಂ ಸಾಕು. ಖಾತೆಯ ಹೆಸರು. ಯಾವ ಮೇಲ್ ಅಥವಾ ನಂಬರಿನಿಂದ ಲಾಗಿನ್ ಆಗುತ್ತೀರಿ. ಪಾಸ್‌ವರ್ಡ್ ಮರೆತರೆ ಕೋಡ್ ಎಲ್ಲಿಗೆ ಹೋಗುತ್ತದೆ. ಕಳೆದುಹೋದರೆ ಎಷ್ಟು ಪೆಟ್ಟು. ಪಾಸ್‌ವರ್ಡ್ ಮಾತ್ರ ಈ ಹಾಳೆಯಲ್ಲಿ ಬರೆಯಬೇಡಿ.

ಮೂರನೇ ಕಾಲಂ ತುಂಬುವುದು ಬೇಸರದ ಕೆಲಸ. ಪ್ರತಿ ಖಾತೆಯ ಒಳಗೆ ಹೋಗಿ 'ರಿಕವರಿ' ಎಂಬ ಜಾಗ ಹುಡುಕಬೇಕು. ಆದರೂ ಬಿಡಬೇಡಿ, ಇಡೀ ಕೆಲಸದ ತಿರುಳು ಅಲ್ಲೇ ಇದೆ. ಅದು ತುಂಬಿದ ಮೇಲೆ ಒಂದು ಖಾತೆಯಿಂದ ಅದರ ಕೋಡ್ ಹೋಗುವ ಜಾಗಕ್ಕೆ ಬಾಣ ಎಳೆಯಿರಿ. ನನ್ನ ಹಾಳೆಯಲ್ಲಿ ಎರಡು ಮೇಲ್ ಖಾತೆಗಳು ಒಂದಕ್ಕೊಂದು ಬಾಣ ತೋರಿಸಿಕೊಂಡು ಕೂತಿದ್ದವು. ಇದರ ಕೋಡ್ ಅದಕ್ಕೆ, ಅದರ ಕೋಡ್ ಇದಕ್ಕೆ. ಎರಡರ ಪಾಸ್‌ವರ್ಡ್ ಒಟ್ಟಿಗೆ ಮರೆತರೆ ಎರಡೂ ಹೋದ ಹಾಗೆ. ಇನ್ನು ಐದು ಬಾಣಗಳು ನಾನು ಬಿಟ್ಟ ನಂಬರಿನ ಕಡೆಗೆ ಹೋಗುತ್ತಿದ್ದವು.

ಬಿಟ್ಟ ನಂಬರನ್ನು ಕಂಪನಿಗಳು ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತವೆ. ಅಂದರೆ ನಿಮ್ಮ ಕೋಡ್ ಅಪರಿಚಿತರೊಬ್ಬರ ಫೋನಿಗೆ ಹೋಗಿ ಬೀಳಬಹುದು. ಪಟ್ಟಿಯಲ್ಲಿ ಹಳೆಯ ನಂಬರ್ ಕಂಡರೆ ಮುಂದಿನ ಹೆಜ್ಜೆಗೆ ಕಾಯದೆ ಅವತ್ತೇ ಬದಲಿಸಿ.

ಒಂದು ಮೇಲ್ ಅನ್ನು ತಾಯಿಬೇರು ಮಾಡಿಕೊಳ್ಳಿ

ಬಾಣಗಳೆಲ್ಲ ಕೊನೆಗೆ ಒಂದೇ ಕಡೆ ಬಂದು ಸೇರಬೇಕು. ಆ ಜಾಗ ನಿಮ್ಮ ಮುಖ್ಯ ಮೇಲ್.

ಯಾಕೆ ಮೇಲ್? ಅದು ಎಲ್ಲಕ್ಕಿಂತ ಹಳೆಯದು, ಗಟ್ಟಿಯಾಗಿ ಉಳಿದಿದೆ. ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರ್ 1971ರಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮೇಲ್ ಕಳಿಸಿದರು. ಹೆಸರಿಗೂ ಯಂತ್ರಕ್ಕೂ ನಡುವೆ @ ಎಂಬ ಆ ಸುತ್ತು ಗೆರೆಯ ಚಿಹ್ನೆ ಇಟ್ಟವರೂ ಅವರೇ. ಆಮೇಲೆ ಎಷ್ಟೋ ಬಂದು ಹೋದವು. ಆರ್ಕುಟ್ 2014ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಯಾಹೂ ಮೆಸೆಂಜರ್ 2018ರ ಜುಲೈನಲ್ಲಿ, ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಹೋದವು. 2003ರಲ್ಲಿ ಶುರುವಾದ ಸ್ಕೈಪ್ ಕೂಡ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಮೇಲ್ ಮಾತ್ರ ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲ. ಒಂದು ಕಂಪನಿಯ ಮೇಲ್‌ನಿಂದ ಇನ್ನೊಂದಕ್ಕೆ ಇವತ್ತಿಗೂ ಪತ್ರ ಹೋಗುತ್ತದೆ.

ಈ ಮುಖ್ಯ ಮೇಲ್ ಕೆಲಸದ ಜಾಗದ್ದೋ ಕಾಲೇಜಿನದೋ ಆಗಿರಬಾರದು. ಕೆಲಸ ಬಿಟ್ಟ ದಿನವೇ ಅದು ಕೈತಪ್ಪುತ್ತದೆ. ಅದಕ್ಕೆ ಜೋತು ಬಿದ್ದ ಖಾತೆಗಳ ಗತಿ ಏನು? ನಿಮ್ಮ ಸ್ವಂತದ್ದೇ ಇರಲಿ, ಅದನ್ನು ದಿನಾ ತೆರೆಯುತ್ತಿರಿ. ಸುಮ್ಮನೆ ತೆರೆದಿಟ್ಟು ಮರೆತರೆ ಅದೂ ಹೋಗಬಹುದು. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ತಂದಿದೆ. ವಾಟ್ಸ್‌ಆ್ಯಪ್ ಖಾತೆಯಾದರೆ ಸಾಮಾನ್ಯವಾಗಿ 120 ದಿನ ಬಳಸದಿದ್ದರೆ ಅಳಿದುಹೋಗುತ್ತದೆ.

ಮುಖ್ಯ ಮೇಲ್ ಅನ್ನು ಎಲ್ಲರಿಗೂ ಹಂಚಬೇಡಿ. ಖರೀದಿ, ಆಟ, ಸುದ್ದಿಪತ್ರ, ಒಮ್ಮೆ ನೋಡಿ ಬಿಡುವ ಜಾಗಗಳಿಗೆ ಎರಡನೆಯದೊಂದು ಇರಲಿ. ಎರಡೇ ಸಾಕು, ಮೂರನೆಯದು ಬೇಡ. ಜಿಮೇಲ್ ಇದ್ದರೆ ಒಂದು ಅನುಕೂಲ ಇದೆ: ನಿಮ್ಮ ಹೆಸರು ಮುಗಿದ ಮೇಲೆ, ಆ ಸುತ್ತು ಗೆರೆಯ ಚಿಹ್ನೆಗೆ ಮೊದಲು, ಒಂದು ಪ್ಲಸ್ ಹಾಕಿ ಯಾವ ಪದ ಸೇರಿಸಿದರೂ ಮೇಲ್ ನಿಮಗೇ ಬರುತ್ತದೆ. ಅಂಗಡಿಗೊಂದು ಪದ, ಆಟಕ್ಕೊಂದು ಪದ ಕೊಟ್ಟರೆ ನಿಮ್ಮ ವಿಳಾಸವನ್ನು ಯಾರು ಬೇರೆಯವರಿಗೆ ದಾಟಿಸಿದರು ಎಂಬುದೂ ಗೊತ್ತಾಗುತ್ತದೆ.

ಪಾಸ್‌ವರ್ಡ್: ನೆನಪಿನ ಮೇಲೆ ಭಾರ ಹಾಕಬೇಡಿ

ಕಂಪ್ಯೂಟರಿಗೆ ಪಾಸ್‌ವರ್ಡ್ ಇಡುವ ರೂಢಿ 1960ರ ದಶಕದ ಶುರುವಿನಲ್ಲಿ ಅಮೆರಿಕದ ಎಂಐಟಿ ಎಂಬ ವಿಶ್ವವಿದ್ಯಾಲಯದಲ್ಲಿ ಬಂತು. ಹಲವರು ಒಂದೇ ಯಂತ್ರ ಹಂಚಿಕೊಳ್ಳುತ್ತಿದ್ದ ಕಾಲ ಅದು. ಒಬ್ಬರ ಕಡತ ಇನ್ನೊಬ್ಬರಿಗೆ ಕಾಣಬಾರದು ಎಂದು ಫರ್ನಾಂಡೊ ಕೊರ್ಬಾಟೊ ಅವರ ತಂಡ ಈ ಉಪಾಯ ಮಾಡಿತು. ಆಗ ಒಬ್ಬರಿಗೆ ಒಂದೇ ಪಾಸ್‌ವರ್ಡ್. ಈಗ ಒಬ್ಬರಿಗೆ ಐವತ್ತು, ನೂರು. ಇಷ್ಟನ್ನು ನೆನಪಿಟ್ಟುಕೊಳ್ಳುವುದು ಯಾರಿಂದಲೂ ಆಗದ ಕೆಲಸ. ನಿಮ್ಮಿಂದ ಆಗದಿದ್ದರೆ ಅದು ನಿಮ್ಮ ತಪ್ಪಲ್ಲ.

ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಎಲ್ಲ ಬೇಕು, ಮೂರು ತಿಂಗಳಿಗೊಮ್ಮೆ ಬದಲಿಸಿ ಎನ್ನುವ ಉಪದೇಶ ನಿಮಗೂ ಸಿಕ್ಕಿರುತ್ತದೆ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ನಿಸ್ಟ್ 2000ದ ದಶಕದ ಶುರುವಿನಲ್ಲಿ ಹೊರಡಿಸಿದ ಸೂಚನೆಯಿಂದ ಇದು ಎಲ್ಲೆಡೆ ಹಬ್ಬಿತು. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ, ಅದರಲ್ಲಿನ ಬಹಳಷ್ಟು ಸಲಹೆಗೆ ಈಗ ಬೇಸರವಿದೆ ಎಂದರು. ಅದೇ ವರ್ಷ ನಿಸ್ಟ್ ತನ್ನ ಸೂಚನೆ ತಿದ್ದಿತು. ಉದ್ದ ಮುಖ್ಯ, ಸೋರಿಕೆಯಾದ ಸುಳಿವು ಇಲ್ಲದಿದ್ದರೆ ಆಗಾಗ ಬದಲಿಸು ಎಂದು ಒತ್ತಾಯಿಸಬೇಡಿ ಎಂದಿತು. ಕಾರಣ ಸರಳ. ಬದಲಿಸು ಅಂದಾಗಲೆಲ್ಲ ಜನ ಕೊನೆಯ 1 ತೆಗೆದು 2 ಹಾಕುತ್ತಾರೆ. ಕದಿಯುವವರಿಗೂ ಅದು ಗೊತ್ತು.

ಹಾಗಾದರೆ ನಿಜವಾದ ಅಪಾಯ ಯಾವುದು? ಒಂದೇ ಪಾಸ್‌ವರ್ಡ್ ಅನ್ನು ಹತ್ತು ಕಡೆ ಹಾಕುವುದು. 2013ರಲ್ಲಿ ಯಾಹೂ ಮೇಲೆ ನಡೆದ ಕಳ್ಳತನದಲ್ಲಿ ಅದರ ಎಲ್ಲ 300 ಕೋಟಿ ಖಾತೆಗಳ ಮಾಹಿತಿ ಹೋಗಿತ್ತು ಎಂದು ಕಂಪನಿಯೇ 2017ರಲ್ಲಿ ಒಪ್ಪಿಕೊಂಡಿತು. ಹೀಗೆ ಒಂದು ಕಡೆ ಸಿಕ್ಕ ಮೇಲ್ ಮತ್ತು ಪಾಸ್‌ವರ್ಡ್ ಜೋಡಿಯನ್ನು ಕಳ್ಳರು ಬೇರೆ ನೂರು ಕಡೆ ಹಾಕಿ ನೋಡುತ್ತಾರೆ. ಅದನ್ನು ಯಂತ್ರವೇ ಮಾಡುತ್ತದೆ, ಅವರಿಗೆ ಶ್ರಮ ಇಲ್ಲ. ನಿಮ್ಮ ಮೇಲ್ ಯಾವ ಸೋರಿಕೆಯಲ್ಲಿ ಸಿಕ್ಕಿದೆ ಎಂದು ನೋಡಲು 'ಹ್ಯಾವ್ ಐ ಬೀನ್ ಪೋನ್ಡ್' ಎಂಬ ತಾಣ ಇದೆ. ಟ್ರಾಯ್ ಹಂಟ್ ಎಂಬ ಭದ್ರತಾ ತಜ್ಞರು 2013ರಲ್ಲಿ ಶುರುಮಾಡಿದ್ದು. ಅಲ್ಲಿ ಮೇಲ್ ವಿಳಾಸ ಹಾಕಿದರೆ ಸಾಕು.

ಪರಿಹಾರ ಪಾಸ್‌ವರ್ಡ್ ಮ್ಯಾನೇಜರ್, ಅಂದರೆ ಪಾಸ್‌ವರ್ಡ್‌ಗಳನ್ನೆಲ್ಲ ಬೀಗ ಹಾಕಿ ಇಟ್ಟುಕೊಳ್ಳುವ ಆ್ಯಪ್. ಬಿಟ್‌ವಾರ್ಡನ್, ಕೀಪಾಸ್ ಇವೆ. ಗೂಗಲ್, ಆ್ಯಪಲ್ ತಮ್ಮ ಫೋನುಗಳ ಜೊತೆಗೇ ಒಂದನ್ನು ಕೊಡುತ್ತವೆ. ಯಾವುದಾದರೂ ಒಂದನ್ನು ಹಿಡಿಯಿರಿ, ಎರಡರಲ್ಲಿ ಅರ್ಧರ್ಧ ಇಡಬೇಡಿ. ಉದ್ದವಾದ, ಅರ್ಥವಿಲ್ಲದ ಪಾಸ್‌ವರ್ಡ್ ಅನ್ನು ಪ್ರತಿ ಖಾತೆಗೂ ಬೇರೆ ಬೇರೆಯಾಗಿ ಹುಟ್ಟಿಸಿ, ನೆನಪಿಟ್ಟುಕೊಂಡು, ಅದು ತಾನೇ ತುಂಬುತ್ತದೆ. ಒಂದು ಲಾಭ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ: ನಕಲಿ ತಾಣದಲ್ಲಿ ಅದು ತಾನಾಗಿ ತುಂಬುವುದಿಲ್ಲ. ತಾಣದ ನೋಟ ಒಂದೇ ಇದ್ದರೂ ವಿಳಾಸ ಬೇರೆ ಎಂದು ಅದಕ್ಕೆ ತಿಳಿಯುತ್ತದೆ. ದಿನಾ ತುಂಬುವುದು ಇವತ್ತು ತುಂಬಲಿಲ್ಲ ಅಂದರೆ ಕೈ ನಿಲ್ಲಿಸಿ, ವಿಳಾಸ ನೋಡಿ.

ನೀವು ನೆನಪಿಡಬೇಕಾದದ್ದು ಎರಡೇ: ಮ್ಯಾನೇಜರಿನ ಪಾಸ್‌ವರ್ಡ್ ಮತ್ತು ಮುಖ್ಯ ಮೇಲ್‌ನ ಪಾಸ್‌ವರ್ಡ್. ಇವಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಜೋಡಿಸಿ. ಏಣಿ, ಗುಡುಗು, ಚಪ್ಪಲಿ, ಹದಿನಾರು, ಬೂದಿ, ಹೀಗೆ. (ಇದನ್ನೇ ಎತ್ತಿ ಹಾಕಿಕೊಳ್ಳಬೇಡಿ.) ಗಾದೆ, ಹಾಡಿನ ಸಾಲು ಬೇಡ, ಅವು ಎಲ್ಲರಿಗೂ ಗೊತ್ತಿರುವಂಥವು. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ನನಗೆ ಹಿಡಿಸಿದ ದಾರಿ. ಆದರೆ ಇಲ್ಲೊಂದು ಎಚ್ಚರ. ಏಣಿಗೆ ಇಂಗ್ಲಿಷಿನಲ್ಲಿ ಒಂದು 'ಇ' ಹಾಕುತ್ತೀರೋ ಎರಡೋ? ಇವತ್ತು ಒಂದು ಹಾಕಿ ನಾಳೆ ಎರಡು ಹಾಕಿದರೆ ಒಳಗೆ ಬಿಡುವುದಿಲ್ಲ. ಮೆಸೇಜಿನಲ್ಲಿ ನಿಮ್ಮ ಬೆರಳು ತಾನಾಗಿ ಹೇಗೆ ಟೈಪ್ ಮಾಡುತ್ತದೋ ಹಾಗೇ ಇಡಿ. ಮೊದಲ ಒಂದು ವಾರ ದಿನಕ್ಕೆರಡು ಸಲ ಹಾಕಿ ನೋಡಿ, ಬೆರಳಿಗೆ ಕೂರುತ್ತದೆ.

ಆ್ಯಪ್ ಬೇಡವೇ ಬೇಡ ಅನ್ನುವವರು ಪುಸ್ತಕದಲ್ಲಿ ಬರೆದಿಡಿ. ನಾಚಿಕೆಪಡಬೇಕಾದದ್ದೇನಿಲ್ಲ. ಕೊರ್ಬಾಟೊ ಕೂಡ ತಮ್ಮ ಪಾಸ್‌ವರ್ಡ್‌ಗಳನ್ನು ಹಾಳೆಯಲ್ಲಿ ಇಟ್ಟುಕೊಂಡಿದ್ದಾಗಿ 2014ರಲ್ಲಿ ಹೇಳಿದ್ದರು. ದೂರದ ಕಳ್ಳನಿಗೆ ನಿಮ್ಮ ಮನೆಯ ಬೀರು ಸಿಗುವುದಿಲ್ಲ. ಫೋನಿನ ನೋಟ್ಸ್‌ನಲ್ಲಿ, ನಿಮಗೇ ನೀವು ಕಳಿಸಿಕೊಂಡ ಮೆಸೇಜಿನಲ್ಲಿ ಇಡುವುದಕ್ಕಿಂತ ಪುಸ್ತಕ ಎಷ್ಟೋ ಮೇಲು.

ಎರಡನೇ ಬೀಗ

ಮುಖ್ಯ ಮೇಲ್, ಹಣದ ಖಾತೆ, ಮೆಸೇಜಿನ ಆ್ಯಪ್, ಪಾಸ್‌ವರ್ಡ್ ಮ್ಯಾನೇಜರ್. ಈ ನಾಲ್ಕಕ್ಕಾದರೂ ಟೂ ಸ್ಟೆಪ್ ವೆರಿಫಿಕೇಶನ್, ಅಂದರೆ ಪಾಸ್‌ವರ್ಡ್ ಆದ ಮೇಲೂ ಇನ್ನೊಂದು ಗುರುತು ಕೇಳುವ ವ್ಯವಸ್ಥೆ, ಹಾಕಿ. ಉಳಿದವಕ್ಕೆ ನಿಧಾನವಾಗಿ ಹಾಕಿಕೊಂಡರಾಯಿತು.

ಎಸ್‌ಎಂಎಸ್‌ನಲ್ಲಿ ಬರುವ ಓಟಿಪಿ ಏನೂ ಇಲ್ಲದಿರುವುದಕ್ಕಿಂತ ಒಳ್ಳೆಯದು. ಆದರೆ ನಂಬರ್ ಹೋದರೆ ಓಟಿಪಿಯೂ ಹೋಯಿತು. ನಿಮ್ಮ ಹೆಸರಿನಲ್ಲಿ ಇನ್ನೊಂದು ಸಿಮ್ ತೆಗೆಸಿಕೊಳ್ಳುವ ವಂಚಕರೂ ಇದ್ದಾರೆ. ಆದ್ದರಿಂದ ಆದಷ್ಟು ಆಥೆಂಟಿಕೇಟರ್ ಆ್ಯಪ್ ಬಳಸಿ. ಇದರಲ್ಲಿ ಸಾಮಾನ್ಯವಾಗಿ ಆರಂಕಿಯ ಕೋಡ್ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಶುರುವಿನಲ್ಲಿ ನೀವು ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡ್‌ನಲ್ಲಿ ಒಂದು ಗುಟ್ಟಿನ ಕೀಲಿ ಇರುತ್ತದೆ. ಅದು ನಿಮ್ಮ ಫೋನಿನಲ್ಲೂ ಆ ತಾಣದಲ್ಲೂ ಕೂರುತ್ತದೆ. ಆ ಗುಟ್ಟನ್ನೂ ಗಡಿಯಾರದ ಸಮಯವನ್ನೂ ಸೇರಿಸಿ ಎರಡೂ ಕಡೆ ಒಂದೇ ಲೆಕ್ಕ ಮಾಡುತ್ತವೆ. ಹಾಗಾಗಿ ನೆಟ್ ಇಲ್ಲದಿದ್ದರೂ ಕೋಡ್ ಬರುತ್ತದೆ. ಕೋಡ್ ಸರಿಯಾಗಿ ಹಾಕಿದರೂ 'ತಪ್ಪು' ಎಂದು ಬರುತ್ತಿದ್ದರೆ ಫೋನಿನ ಗಡಿಯಾರ ನೋಡಿ. ಸಮಯವನ್ನು ಆಟೊಮ್ಯಾಟಿಕ್‌ಗೆ ಹಾಕಿದರೆ ಸರಿಹೋಗಬಹುದು.

ಈ ಹೆಜ್ಜೆಯಲ್ಲಿ ಜನ ಎಡವುವುದು ಫೋನ್ ಬದಲಿಸುವಾಗ. ಹಳೆಯದನ್ನು ಅಳಿಸಿ ಯಾರಿಗೋ ಕೊಟ್ಟ ಮೇಲೆ ಆಥೆಂಟಿಕೇಟರ್ ನೆನಪಾಗುತ್ತದೆ. ಮೊದಲು ಹೊಸ ಫೋನಿಗೆ ಸಾಗಿಸಿ, ಎರಡು ಮೂರು ಖಾತೆಗೆ ಅದರಿಂದ ಲಾಗಿನ್ ಆಗಿ ನೋಡಿ, ಆಮೇಲೆ ಹಳೆಯದನ್ನು ಅಳಿಸಿ. ಜೊತೆಗೆ ಬ್ಯಾಕಪ್ ಕೋಡ್‌ಗಳು. ಗೂಗಲ್ ಎಂಟಂಕಿಯ ಹತ್ತು ಕೋಡ್ ಕೊಡುತ್ತದೆ, ಒಂದೊಂದೂ ಒಮ್ಮೆ ಮಾತ್ರ ನಡೆಯುತ್ತದೆ. ಅವನ್ನು ಕಾಗದದ ಮೇಲೆ ಬರೆದಿಡಿ. ಫೋನ್ ಕಳೆದ ದಿನ ಕೈಹಿಡಿಯುವುದು ಆ ಕಾಗದವೇ.

ಈಚೆಗೆ 'ಪಾಸ್‌ಕೀ ಮಾಡಿಕೊಳ್ಳಿ' ಎಂದು ಅಲ್ಲಲ್ಲಿ ಕೇಳುತ್ತದಲ್ಲ, ಹೆದರಬೇಡಿ. 2022ರಲ್ಲಿ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಒಟ್ಟಾಗಿ ಒಪ್ಪಿದ ಪದ್ಧತಿ ಅದು. ಪಾಸ್‌ವರ್ಡ್ ಬದಲು ನಿಮ್ಮ ಬೆರಳಚ್ಚು ಅಥವಾ ಫೋನಿನ ಪಿನ್‌ನಿಂದ ಒಳಹೋಗುತ್ತೀರಿ. ಬೆರಳಚ್ಚು ಫೋನಿನಲ್ಲೇ ಉಳಿಯುತ್ತದೆ, ತಾಣಕ್ಕೆ ಹೋಗುವುದಿಲ್ಲ. ಮನೆಯ ನಿಮ್ಮದೇ ಫೋನಿನಲ್ಲಿ ಧೈರ್ಯವಾಗಿ ಮಾಡಿಕೊಳ್ಳಿ. ಹಂಚಿ ಬಳಸುವ ಕಂಪ್ಯೂಟರಿನಲ್ಲಿ ಬೇಡ.

ಮೆಸೇಜುಗಳ ಬಾಗಿಲು: ಯಾರಿಗೆ ಯಾವುದು

ನನಗೆ ಜಾಸ್ತಿ ಸಂಕಟ ಕೊಟ್ಟದ್ದು ಈ ಭಾಗ. ಪಾಸ್‌ವರ್ಡ್ ಒಮ್ಮೆ ಸರಿಮಾಡಿದರೆ ಸುಮ್ಮನಿರುತ್ತದೆ. ಮೆಸೇಜು ಸುಮ್ಮನಿರುವುದಿಲ್ಲ.

ಹಳೆಯ ಸ್ನೇಹಿತೆಯೊಬ್ಬರು ತಮ್ಮ ತಂದೆ ಹೋದ ಸುದ್ದಿ ಕಳಿಸಿದ್ದರು. ಆ ಆ್ಯಪ್‌ನಲ್ಲಿ ನಾವಿಬ್ಬರೂ ಪರಸ್ಪರ ಸೇರಿಕೊಂಡಿರಲಿಲ್ಲ. ಹಾಗಾಗಿ ಆ ಮೆಸೇಜು 'ರಿಕ್ವೆಸ್ಟ್' ಎಂಬ ಪಕ್ಕದ ಡಬ್ಬಕ್ಕೆ ಹೋಗಿ ಬಿದ್ದಿತ್ತು. ನನಗೆ ಗಂಟೆಯೂ ಬಾರಿಸಲಿಲ್ಲ, ಚುಕ್ಕಿಯೂ ಕಾಣಲಿಲ್ಲ. ಹನ್ನೊಂದು ದಿನದ ಮೇಲೆ ಇನ್ನೇನೋ ಹುಡುಕುವಾಗ ಕಣ್ಣಿಗೆ ಬಿತ್ತು. 'ನಿನಗೆ ಹೇಳಬೇಕು ಅನ್ನಿಸಿತು' ಎಂದು ಕೊನೆಯ ಸಾಲು. ಆ ಹನ್ನೊಂದು ದಿನ ಅವರು ಏನಂದುಕೊಂಡರೋ ಎಂಬ ಯೋಚನೆ ಇವತ್ತಿಗೂ ಚುಚ್ಚುತ್ತದೆ. ಆದ್ದರಿಂದ ಈ ಭಾಗದ ಮೊದಲ ಕೆಲಸ ಇದೇ: ನಿಮ್ಮ ಪ್ರತಿ ಆ್ಯಪ್‌ನಲ್ಲೂ ಅಪರಿಚಿತರ ಮೆಸೇಜು ಎಲ್ಲಿ ಹೋಗುತ್ತದೆ ಎಂದು ಹುಡುಕಿ. ಇನ್‌ಸ್ಟಾಗ್ರಾಂ, ಮೆಸೆಂಜರ್‌ಗಳಲ್ಲಿ ಇಂಥ ಡಬ್ಬ ಬೇರೆಯೇ ಇದೆ. ಮೇಲ್‌ನ ಸ್ಪ್ಯಾಮ್ ಕೂಡ ಅಂಥದ್ದೇ. ವಾರಕ್ಕೊಮ್ಮೆ ತೆರೆದು ನೋಡಿ.

ಎರಡನೇ ಕೆಲಸ, ಪ್ರತಿ ಆ್ಯಪ್‌ಗೂ ಒಂದು ಕೆಲಸ ಗೊತ್ತುಮಾಡುವುದು. ಮನೆಯವರು ಒಂದರಲ್ಲಿ, ಕಚೇರಿ ಒಂದರಲ್ಲಿ, ಕಡತ ಮತ್ತು ಲೆಕ್ಕಪತ್ರ ಮೇಲ್‌ನಲ್ಲಿ, ಅವಸರಕ್ಕೆ ಫೋನ್ ಕರೆ. ಗೊತ್ತುಮಾಡಿಕೊಂಡು ನಿಮ್ಮಲ್ಲೇ ಇಟ್ಟುಕೊಂಡರೆ ಪ್ರಯೋಜನವಿಲ್ಲ, ಜನರಿಗೆ ಹೇಳಬೇಕು. ನಾನು ಕಳಿಸಿದ ಮೆಸೇಜು ಹೀಗಿತ್ತು: 'ನಾನು ಈ ಆ್ಯಪ್ ದಿನಾ ನೋಡುವುದಿಲ್ಲ. ಏನಾದರೂ ಹೇಳಬೇಕಿದ್ದರೆ ಇಂಥದ್ದರಲ್ಲಿ ಬರೆಯಿರಿ, ಅವಸರವಾದರೆ ಫೋನ್ ಮಾಡಿ.' ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಇಬ್ಬರು 'ನನಗೂ ಹಾಗೇ' ಎಂದರು. ತಪ್ಪು ಬಾಗಿಲಿಗೆ ಬಂದವರಿಗೆ ಅಲ್ಲೇ ಉದ್ದ ಉತ್ತರ ಕೊಡಬೇಡಿ. 'ಅಲ್ಲಿ ಬರೆದಿದ್ದೇನೆ, ನೋಡಿ' ಎಂದು ಸರಿಯಾದ ಬಾಗಿಲಿಗೆ ಕರೆದುಕೊಂಡು ಹೋಗಿ. ಒಂದೆರಡು ತಿಂಗಳಲ್ಲಿ ರೂಢಿಯಾಗುತ್ತದೆ.

ಮೂರನೆಯದು ನೋಟಿಫಿಕೇಶನ್. ಇಲ್ಲಿ ಒಂದೇ ನಿಯಮ: ಮನುಷ್ಯರು ನಿಮ್ಮನ್ನೇ ಕರೆದರೆ ಸದ್ದಾಗಲಿ. ಆ್ಯಪ್ ತಾನಾಗಿ ಕರೆದರೆ ಬೇಡ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಎಲ್ಲ ಆ್ಯಪ್‌ಗಳ ನೋಟಿಫಿಕೇಶನ್ ಆಫ್ ಮಾಡಿ. ಆಮೇಲೆ ಕರೆ, ಎಸ್‌ಎಂಎಸ್, ಹಣದ ಖಾತೆ, ಮನೆಯವರು ಇರುವ ಆ್ಯಪ್, ಇಷ್ಟನ್ನು ಮಾತ್ರ ಆನ್ ಮಾಡಿ. ಉಳಿದವನ್ನು ಆರಿಸಿ ಆರಿಸಿ ಆಫ್ ಮಾಡುತ್ತಾ ಕೂತರೆ ಮುಗಿಯುವುದಿಲ್ಲ, ಈ ಉಲ್ಟಾ ದಾರಿಯೇ ಬೇಗ. ದೊಡ್ಡ ಗ್ರೂಪ್‌ಗಳನ್ನು ಮ್ಯೂಟ್ ಮಾಡುವಾಗ ಎಂಟು ಗಂಟೆ, ಒಂದು ವಾರ ಎಂದು ಕೇಳುತ್ತದೆ. 'ಯಾವಾಗಲೂ' ಆರಿಸಿ. ಮುಖ್ಯ ಪಟ್ಟಿಯಿಂದ ಬದಿಗೆ ಸರಿಸುವ ಆರ್ಕೈವ್‌ಗೂ ಹಾಕಬಹುದು. ವಾಟ್ಸ್‌ಆ್ಯಪ್‌ನಲ್ಲಿ ಮೊದಲು ಹೊಸ ಮೆಸೇಜು ಬಂದ ಕೂಡಲೇ ಆರ್ಕೈವ್ ಆದ ಗ್ರೂಪ್ ಮತ್ತೆ ಮೇಲೆ ಬರುತ್ತಿತ್ತು. 2021ರಿಂದ ಅದು ಅಲ್ಲೇ ಇರುವ ಹಾಗೆ ಮಾಡಿದ್ದಾರೆ.

ವಾಟ್ಸ್‌ಆ್ಯಪ್ ಅನ್ನು ಕಂಪ್ಯೂಟರಿನಲ್ಲೂ ಬಳಸುವವರು 'ಲಿಂಕ್ಡ್ ಡಿವೈಸಸ್' ಒಮ್ಮೆ ನೋಡಿ. ಫೋನಿನ ಜೊತೆ ನಾಲ್ಕು ಸಾಧನ ಸೇರಿಸಬಹುದು. ಗೊತ್ತಿಲ್ಲದ ಹೆಸರು ಅಲ್ಲಿದ್ದರೆ ಆಗಲೇ ಲಾಗ್‌ಔಟ್ ಮಾಡಿ, ಯಾರೋ ಓದುತ್ತಿರಬಹುದು. ಆರಂಕಿಯ ಪಿನ್ ಇಡುವ ವ್ಯವಸ್ಥೆಯೂ ಅದರ ಖಾತೆಯ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನೂ ಇವತ್ತೇ ಇಟ್ಟುಬಿಡಿ.

ಕೆಲಸದ ಜಾಗದಲ್ಲಿ ಹೊಸ ಆ್ಯಪ್ ಬಂದಾಗ

'ಸೋಮವಾರದಿಂದ ಎಲ್ಲರೂ ಇದನ್ನು ಬಳಸಿ' ಎಂಬ ಮೇಲ್ ಬಂದಾಗ ಹೊಟ್ಟೆಯೊಳಗೆ ಕಸಿವಿಸಿಯಾಗುತ್ತದೆ ಅಲ್ವಾ? ಸ್ಲ್ಯಾಕ್ ಆಗಲಿ, ಟೀಮ್ಸ್ ಆಗಲಿ, ನಾಳೆ ಬರುವ ಇನ್ನೊಂದಾಗಲಿ, ಎಲ್ಲವನ್ನೂ ಕಲಿಯಬೇಕಿಲ್ಲ. ಮೊದಲ ದಿನ ಐದನ್ನು ಹುಡುಕಿ: ಹುಡುಕುವ ಜಾಗ ಎಲ್ಲಿದೆ, ನೋಟಿಫಿಕೇಶನ್ ಎಲ್ಲಿ ಆಫ್ ಆಗುತ್ತದೆ, ಕಳಿಸಿದ ಕಡತ ಎಲ್ಲಿ ಕೂರುತ್ತದೆ, ತಪ್ಪಾಗಿ ಕಳಿಸಿದ್ದನ್ನು ತಿದ್ದುವುದು ಹೇಗೆ, ಗ್ರೂಪ್‌ನಿಂದ ಹೊರಬರುವುದು ಹೇಗೆ. ಇವು ಗೊತ್ತಿದ್ದರೆ ಉಳಿದದ್ದು ಬಳಸುತ್ತಾ ಬರುತ್ತದೆ.

ಇನ್ನೊಂದು, ನಾಚಿಕೆ ಬಿಟ್ಟು ಕೇಳಿ: 'ತೀರ್ಮಾನಗಳನ್ನು ಎಲ್ಲಿ ಬರೆದಿಡುತ್ತೇವೆ?' ಈ ಒಂದು ಪ್ರಶ್ನೆಗೆ ತಂಡ ಉತ್ತರ ಒಪ್ಪಿಕೊಂಡರೆ ಅರ್ಧ ಗೋಜಲು ಹೋಯಿತು. ಮಾತುಕತೆ ಎಲ್ಲಿ ಬೇಕಾದರೂ ಆಗಲಿ. ಒಪ್ಪಿದ್ದನ್ನು ಮಾತ್ರ ಒಂದೇ ಕಡೆ ಬರೆಯಬೇಕು. ಇಲ್ಲದಿದ್ದರೆ 'ಅದನ್ನು ಹೇಳಿದ್ದೆನಲ್ಲ' ಎಂದು ಒಬ್ಬರು, 'ಎಲ್ಲಿ ಹೇಳಿದಿರಿ?' ಎಂದು ಇನ್ನೊಬ್ಬರು.

ಮನೆಯ ಹಿರಿಯರಿಗೆ ಕಲಿಸುವಾಗ ಫೋನ್ ಅವರ ಕೈಯಲ್ಲೇ ಇರಲಿ. ನನ್ನ ಚಿಕ್ಕಮ್ಮ ಮೊದಲೆಲ್ಲ 'ಏನೋ ಕೇಳ್ತಾ ಇದೆ ಕಣೋ, ಹೌದು ಅಂತ ಒತ್ಲಾ?' ಎಂದು ಕರೆ ಮಾಡುತ್ತಿದ್ದರು. ನಾನು 'ಒತ್ತಿ' ಎಂದುಬಿಡುತ್ತಿದ್ದೆ. ಅದು ತಪ್ಪು ಎಂದು ಆಮೇಲೆ ತಿಳಿಯಿತು. ಈಗ 'ಚಿಕ್ಕಮ್ಮ, ಏನು ಬರೆದಿದೆ ಓದಿ ಹೇಳಿ' ಎನ್ನುತ್ತೇನೆ. ಓದುತ್ತಾ ಓದುತ್ತಾ ಅವರಿಗೇ ಗೊತ್ತಾಗುತ್ತದೆ. ಫೋನಿನ ಭಾಷೆಯನ್ನು ಕನ್ನಡಕ್ಕೆ ಹಾಕಿಕೊಟ್ಟರೆ ಇದು ಇನ್ನೂ ಸುಲಭ. ಓಟಿಪಿ ಯಾರು ಕೇಳಿದರೂ, ನಾನು ಕೇಳಿದರೂ ಹೇಳಬೇಡಿ ಎಂದು ಹೇಳಿಟ್ಟಿದ್ದೇನೆ.

ಬೇಡದ್ದನ್ನು ಮುಚ್ಚುವುದು

ಆ್ಯಪ್ ಅಳಿಸಿದರೆ ಖಾತೆ ಅಳಿಯುವುದಿಲ್ಲ. ಒಳಗೆ ಹೋಗಿಯೇ ಮುಚ್ಚಬೇಕು. ಮುಚ್ಚುವ ಮೊದಲು ನಿಮ್ಮ ಫೋಟೋ, ಕಡತ ಇಳಿಸಿಕೊಳ್ಳಿ; ಗೂಗಲ್‌ನದಾದರೆ ಟೇಕ್‌ಔಟ್ ಎಂಬ ವ್ಯವಸ್ಥೆ ಇದೆ. ಆ ಖಾತೆಯಿಂದ ಲಾಗಿನ್ ಆಗುವ ಬೇರೆ ಜಾಗಗಳಿದ್ದರೆ ನಿಮ್ಮ ಹಾಳೆಯ ಬಾಣ ಹೇಳುತ್ತದೆ, ಮೊದಲು ಅವನ್ನು ಬದಲಿಸಿ. ಉಳಿಸಿಟ್ಟ ಕಾರ್ಡ್ ತೆಗೆಯಿರಿ. ಫೇಸ್‌ಬುಕ್‌ನಂಥ ಕಡೆ ಅಳಿಸಲು ಹೇಳಿದ ಮೇಲೂ 30 ದಿನ ಕಾಯುತ್ತದೆ, ನಡುವೆ ಲಾಗಿನ್ ಆಗಿ ರದ್ದು ಮಾಡಬಹುದು. ಆ ಒಂದು ತಿಂಗಳು ಅತ್ತ ಹೋಗಬೇಡಿ.

ಕೊನೆಯದಾಗಿ ಒಂದು ಲಕೋಟೆ

ನಾಳೆ ನಿಮಗೆ ಫೋನ್ ಹಿಡಿಯಲಾಗದ ಸ್ಥಿತಿ ಬಂದರೆ ಮನೆಯವರು ಏನು ಮಾಡಬೇಕು? ಗೂಗಲ್‌ನಲ್ಲಿ 'ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್' 2013ರಿಂದ ಇದೆ. ನೀವು ಹೇಳಿದಷ್ಟು ತಿಂಗಳು ಖಾತೆ ಬಳಸದಿದ್ದರೆ ನೀವು ಹೆಸರಿಸಿದವರಿಗೆ ತಿಳಿಸಿ, ನೀವು ಆರಿಸಿದ ಮಾಹಿತಿಯನ್ನು ಅವರಿಗೆ ಕೊಡುತ್ತದೆ. ಆ್ಯಪಲ್‌ನಲ್ಲಿ 'ಲೆಗಸಿ ಕಾಂಟ್ಯಾಕ್ಟ್' ಇದೆ, ನೀವು ಹೆಸರಿಸಿದವರು ನಿಮ್ಮ ನಂತರ ಖಾತೆಯ ಮಾಹಿತಿ ಪಡೆಯಲು. ಎರಡನ್ನೂ ಹತ್ತು ನಿಮಿಷದಲ್ಲಿ ತುಂಬಬಹುದು.

ಬ್ಯಾಕಪ್ ಕೋಡ್‌ಗಳ ಕಾಗದ, ಮ್ಯಾನೇಜರಿನ ಪಾಸ್‌ವರ್ಡ್, ಬಾಣಗಳ ಆ ಹಾಳೆ. ಮೂರನ್ನೂ ಒಂದು ಲಕೋಟೆಯಲ್ಲಿ ಹಾಕಿ, ಮುಖ್ಯ ಕಾಗದಪತ್ರ ಇಡುವ ಜಾಗದಲ್ಲಿಡಿ. ಒಬ್ಬರಿಗೆ ಹೇಳಿ. ಹಾಳೆಯ ಮೇಲೆ ತಾರೀಕು ಬರೆಯಿರಿ. ನಂಬರ್ ಬದಲಾದಾಗ, ಫೋನ್ ಬದಲಾದಾಗ, ಕೆಲಸ ಬದಲಾದಾಗ ಆ ಹಾಳೆ ತೆಗೆದು ತಿದ್ದಿ, ಹೊಸ ತಾರೀಕು ಹಾಕಿ. ನನ್ನದರಲ್ಲಿ ಈಗ ನಾಲ್ಕು ತಾರೀಕುಗಳಿವೆ. 47ರಲ್ಲಿ ಕೊನೆಯಾಗುವ ನಂಬರಿನ ಕಡೆ ಹೋಗುತ್ತಿದ್ದ ಐದು ಬಾಣಗಳಲ್ಲಿ ನಾಲ್ಕನ್ನು ಹೊಡೆದುಹಾಕಿದ್ದೇನೆ. ಐದನೆಯದು ಆ ಫೋಟೋಗಳ ಖಾತೆಗೆ ಕರೆದೊಯ್ಯುವ ಬಾಣ. ಅದನ್ನು ಹಾಗೇ ಬಿಟ್ಟಿದ್ದೇನೆ, ಇನ್ನೂ ಪ್ರಯತ್ನಿಸುತ್ತಿದ್ದೇನೆ.